ಗಾಯಕನ ಬಾಳು ಚಿತ್ರವಾಗುವ ಬಗೆ

ಚಿತ್ರಕಾರನು ತೀರಿಕೊಂಡರೂ ಅವನ ಚಿತ್ರಪಟಗಳು ಗೋಡೆಯ ಮೇಲಿರುತ್ತವೆ. ಶಿಲ್ಪಿಯು ಹೋದರೂ ಕಲ್ಲು ನಿಲ್ಲುತ್ತದೆ. ಗಾಯಕನ ಕೃತಿಯಾದರೋ ಉಸಿರಿನೊಡನೆ ಹುಟ್ಟಿ ಉಸಿರಿನೊಡನೆಯೇ ಅಡಗುವಂಥದು. ಅಂತಹ ಬಾಳನ್ನು ಕಿರುತೆರೆಗೆ ತರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಕುಮಾರ ಗಂಧರ್ವರನ್ನು ಕುರಿತ ‘ಹಂಸ್ ಅಕೇಲಾ’ ಎಂಬ 78 ನಿಮಿಷಗಳ ಸಾಕ್ಷ್ಯಚಿತ್ರವು ಒಳ್ಳೆಯ ಉದಾಹರಣೆ. ಫಿಲ್ಮ್ಸ್ ಡಿವಿಷನ್ ಸಂಸ್ಥೆ ನಿರ್ಮಿಸಿದ ಈ ಚಿತ್ರದ ಹೆಸರು, ಕುಮಾರರು ಮನೆಮಾತಾಗಿಸಿದ ಕಬೀರರ ನಿರ್ಗುಣ ಭಜನೆಯೊಂದರಿಂದ ಬಂದದ್ದು. ನಿರ್ದೇಶಕ ಜಬ್ಬಾರ್ ಪಟೇಲರು ವೃತ್ತಿಯಿಂದ ಮಕ್ಕಳ ವೈದ್ಯರು ಎಂಬುದು ಆರೋಗ್ಯ ಲೇಖನಗಳ ನಡುವೆ ಪ್ರಕಟವಾಗುವ ಈ ಬರಹಕ್ಕೆ ಅನುಕೂಲವಾಗಿಯೇ ಒದಗಿದೆ.

ಕುಮಾರ ಗಂಧರ್ವರು ನಮ್ಮವರು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ಬಾಲ್ಯದಲ್ಲಿಯೇ ಹಾಡಿ ಬೆರಗುಗೊಳಿಸಿ ‘ಕುಮಾರ ಗಂಧರ್ವ’ರೆನಿಸಿದರು, ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಷ್ಯರಾದರು. 1947ರಲ್ಲಿ ಭಾನುಮತಿಯವರೊಡನೆ ವಿವಾಹ. ಅದರ ಬೆನ್ನಿಗೇ ಕ್ಷಯರೋಗ. ಒಣ ಹವೆಗಾಗಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ಒಂದು ಶ್ವಾಸಕೋಶ ನಿರುಪಯುಕ್ತವಾಯಿತು. ವರ್ಷಗಟ್ಟಲೆ ಹಾಡಲಾಗದೆ ಮಲಗಿದ್ದ ಕಾಲದಲ್ಲಿ ಪತ್ನಿಯ ಶುಶ್ರೂಷೆಯೇ ಅವರಿಗೆ ಆಧಾರ. ಕಿವಿಗೆ ಮಾತ್ರ ವಿಶ್ರಾಂತಿಯಿರಲಿಲ್ಲ: ಆ ಸೀಮೆಯ ಜಾನಪದ ಗೀತಗಳನ್ನು ಆಲಿಸುತ್ತ ಅವುಗಳ ಧಾಟಿಯಿಂದ ಹೊಸ ರಾಗಗಳನ್ನು ಕಂಡುಕೊಂಡರು. 1943ರಲ್ಲಿ ಶೋಧಿತವಾದ ಸ್ಟ್ರೆಪ್ಟೊಮೈಸಿನ್ ಔಷಧ ಆ ವೇಳೆಗೆ ನಮ್ಮ ದೇಶಕ್ಕೆ ಬರುತ್ತಿತ್ತು. 1953ರಲ್ಲಿ ಅವರು ಮತ್ತೆ ವೇದಿಕೆಯೇರಿದರು.

ದೀರ್ಘವಾದ ತಾನಗಳಿಗೆ ಬದಲಾಗಿ ಚಿಕ್ಕ ಚಿಕ್ಕ ಸ್ವರಪುಂಜಗಳು, ನಡುನಡುವೆ ಮೌನ, ಥಟ್ಟನೆ ಏರುವ ಧ್ವನಿ, ಇವು ಅವರ ಗಾಯನದ ಗುರುತುಗಳು. ಇದೆಲ್ಲ ರೋಗದ ಫಲವೆಂದು ಹೇಳಿಬಿಡುವುದು ಸುಲಭ; ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಉಸಿರು ಕಡಿಮೆಯಾದವರೆಲ್ಲ ಕುಮಾರ ಗಂಧರ್ವರಾಗುವುದಿಲ್ಲವಷ್ಟೆ! ಎಲ್ಲಿ ಉಸಿರೆಳೆಯಬೇಕೆಂಬುದನ್ನು ರೋಗ ನಿರ್ಬಂಧಿಸಿರಬಹುದು. ಆ ಬಿಡುವಿನಲ್ಲಿ ಏನನ್ನು ಉಳಿಸಬೇಕೆಂಬುದನ್ನು ನಿರ್ಧರಿಸಿದ್ದು ಅವರ ಬುದ್ಧಿ.

ಚಿತ್ರ ತಯಾರಿಕೆಯ ತೊಡಕು ಇಲ್ಲಿಯೇ ಇದೆ. ಫಿಲ್ಮಿನ ಕಾಲದಲ್ಲಿ 35 ಮಿ.ಮೀ.ನ ಸಾವಿರ ಅಡಿಗಳ ಸುರುಳಿಯೊಂದು ಸುಮಾರು 11 ನಿಮಿಷ ಓಡುತ್ತಿತ್ತು. ವಿಲಂಬಿತ ಖಯಾಲು ಅರ್ಧ ಗಂಟೆ ನಡೆಯುವಾಗ, ರಾಗ ಅರಳುವ ಹೊತ್ತಿಗೆ ಸರಿಯಾಗಿ ಸುರುಳಿ ಮುಗಿಯುತ್ತದೆ! ಆದುದರಿಂದ ಧ್ವನಿಯನ್ನು ಬೇರೆ ಟೇಪಿನಲ್ಲಿ ತಡೆಯಿಲ್ಲದೆ ಮುದ್ರಿಸಿಕೊಂಡು, ಎರಡು ಕ್ಯಾಮೆರಾಗಳನ್ನು ಸರದಿಯಂತೆ ಓಡಿಸಿ, ಬಳಿಕ ಎರಡನ್ನೂ ಹೊಂದಿಸುವುದು ಪದ್ಧತಿ. ಮಾತಿನಲ್ಲಿ ತುಟಿ ಕೊಂಚ ತಪ್ಪಿದರೆ ನೋಡುವವರು ಸಹಿಸಿಯಾರು. ತಾನದಲ್ಲಿ ತಪ್ಪಿದರೆ ಎಲ್ಲವೂ ಕೃತಕವೆನಿಸುತ್ತದೆ. ಸಂಕಲನಕಾರನು ಕತ್ತರಿಸುವಾಗ ಸಮವನ್ನು ಕಾಯಬೇಕು. ಆವರ್ತನದ ನಡುವೆ ಕತ್ತರಿಸಿದರೆ ತಬಲೆಯ ಲೆಕ್ಕ ಕೆಡುತ್ತದೆ, ಜಮಾ ಖರ್ಚು ತಾಳೆಯಾಗದ ಖಾತೆಯಂತೆ. ಕುಮಾರರಂಥವರ ವಿಷಯದಲ್ಲಿ ಮತ್ತೂ ಒಂದು ಅಪಾಯ: ಮೌನವನ್ನು ‘ಏನೂ ಇಲ್ಲದ ಜಾಗ’ವೆಂದು ಭಾವಿಸಿ ಕತ್ತರಿಸಿಬಿಡುವುದು. ಆಗ ಉಳಿಯುವುದು ಹಾಡು, ಹೋಗುವುದು ಗಾಯಕ.

ಕುಮಾರರು 1992ರ ಜನವರಿ 12ರಂದು ದೇವಾಸದಲ್ಲಿ ನಿಧನರಾದರು. ಗಾಯಕನಿಲ್ಲದ ಮೇಲೆ ಹಳೆಯ ಧ್ವನಿಮುದ್ರಣ, ಛಾಯಾಚಿತ್ರ, ಹಿಂದೆ ದಾಖಲಾದ ಅವನದೇ ಮಾತು, ಮನೆಯವರ ಮತ್ತು ಶಿಷ್ಯರ ನೆನಪು ಇವಿಷ್ಟೇ ಬಂಡವಾಳ. ‘ಹಂಸ್ ಅಕೇಲಾ’ದಲ್ಲಿ ಸ್ವತಃ ಕುಮಾರರ, ಅವರ ಪತ್ನಿಯ, ಸ್ನೇಹಿತರ ಮತ್ತು ಶಿಷ್ಯರ ಸಂದರ್ಶನಗಳಿವೆ.

ಕ್ಷಯದ ಮಾತು ಬಂದುದರಿಂದ ಹೇಳಬೇಕಾದದ್ದು: ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಗುಣ ಕಂಡಿತೆಂದು ನಡುವೆ ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ.

ದೂರದರ್ಶನಕ್ಕೂ ಕನ್ನಡಕ್ಕೂ ನಮ್ಮ ಹೈದರಾಬಾದಿನಲ್ಲಿ ಹಳೆಯ ನಂಟಿದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಶೈಕ್ಷಣಿಕ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಹೋದ ಕನ್ನಡ ಕಾರ್ಯಕ್ರಮಗಳು ಈ ಊರಿನ ನಿರ್ಮಾಣ ಕೇಂದ್ರದಲ್ಲಿಯೇ ಸಿದ್ಧವಾಗುತ್ತಿದ್ದವು. ಇಂದು ಅಷ್ಟು ದೊಡ್ಡ ಏರ್ಪಾಟು ಬೇಕಿಲ್ಲ. ನಮ್ಮ ಮನೆಗಳಲ್ಲಿ ದಾಸರ ಪದ, ವಚನ, ಹಂತಿಯ ಹಾಡು ಬಲ್ಲ ಹಿರಿಯರು ಇದ್ದಾರೆ. ಕೈಯಲ್ಲಿರುವ ಫೋನನ್ನು ಹತ್ತಿರದ ಮೇಜಿನ ಮೇಲೆ ಅಲುಗದಂತೆ ಇರಿಸಿ, ಫ್ಯಾನು ನಿಲ್ಲಿಸಿ, ಹಾಡು ಮುಗಿದ ಮೇಲೂ ಒಂದರ್ಧ ನಿಮಿಷ ಓಡಲು ಬಿಡಿರಿ. ಹಾಡಿದವರ ಹೆಸರು, ಊರು, ದಿನಾಂಕ ಮತ್ತು ಅದನ್ನು ಅವರು ಯಾರಿಂದ ಕಲಿತರೆಂಬುದನ್ನು ಅಂದೇ ಬರೆದಿಡಿರಿ.