ಕುಲುಮೆಯ ಬೆಳಕಿನಿಂದ ಕ್ವಾಂಟಂ ತತ್ತ್ವದವರೆಗೆ

ಸೊರಬದಂತಹ ಮಲೆನಾಡಿನ ಸೀಮೆಯಲ್ಲಿ ಕುಡುಗೋಲನ್ನೋ ನೇಗಿಲ ಗುಳವನ್ನೋ ಹದಗೊಳಿಸುವ ಕಮ್ಮಾರನಿಗೆ ಉಷ್ಣಮಾಪಕದ ಅಗತ್ಯವಿಲ್ಲ. ತಿದಿಯನ್ನು ಒತ್ತಿದಂತೆಲ್ಲ ಕಬ್ಬಿಣವು ಮೊದಲು ಮಂದವಾದ ಕೆಂಪನ್ನೂ ಅನಂತರ ಕಿತ್ತಳೆ, ಹಳದಿಗಳನ್ನೂ ಕೊನೆಗೆ ಬಹುಮಟ್ಟಿಗೆ ಬಿಳುಪನ್ನೂ ತಾಳುವುದನ್ನು ನೋಡಿ ಅವನು ಕಾವನ್ನು ನಿರ್ಣಯಿಸುತ್ತಾನೆ. ಈ ಬಣ್ಣಗಳ ಅನುಕ್ರಮಕ್ಕೆ ಕಾರಣವೇನೆಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನದಲ್ಲಿ ಸಮಾಧಾನಕರವಾದ ಉತ್ತರವಿರಲಿಲ್ಲ.

ಶಕ್ತಿಯು ಅಖಂಡವಾಗಿ ಹರಿಯುತ್ತದೆಂಬುದು ಆಗಿನ ನಂಬಿಕೆ. ಆ ನಂಬಿಕೆಯಿಂದ ಲೆಕ್ಕಮಾಡಿದರೆ, ಕಾದ ವಸ್ತುವು ಅತಿನೇರಿಳೆಯ ಭಾಗದಲ್ಲಿ ಮಿತಿಯಿಲ್ಲದಷ್ಟು ಶಕ್ತಿಯನ್ನು ಸೂಸಬೇಕಾಗಿತ್ತು. ಯಾವ ಕುಲುಮೆಯಲ್ಲಿಯೂ ಹಾಗಾಗುವುದಿಲ್ಲ. 1900ರ ಡಿಸೆಂಬರ್ 14ರಂದು ಬರ್ಲಿನ್ನಿನಲ್ಲಿ ಮಾಕ್ಸ್ ಪ್ಲಾಂಕ್ ಹೊಸದೊಂದು ಊಹೆಯನ್ನು ಮುಂದಿಟ್ಟನು. ಶಕ್ತಿಯ ವಿನಿಮಯವು ಬಿಡಿಬಿಡಿಯಾದ ಅಂಶಗಳಲ್ಲಿ ನಡೆಯುತ್ತದೆ, ಆವೃತ್ತಿಯನ್ನು 6.626 × 10⁻³⁴ ಜೌಲ್-ಸೆಕೆಂಡಿನಿಂದ ಗುಣಿಸಿದರೆ ಒಂದು ಅಂಶದ ಪ್ರಮಾಣ ದೊರೆಯುತ್ತದೆ. ಈ ಅಂಶಕ್ಕೆ ಕ್ವಾಂಟಂ ಎಂದು ಹೆಸರು.

ಒಕ್ಕಲು ಮಾಡಿದ ಬತ್ತದ ರಾಶಿಯು ದೂರಕ್ಕೆ ಒಂದೇ ಮೈಯಾಗಿ ತೋರುತ್ತದೆ. ಸೇರಿನಲ್ಲಿ ಅಳೆಯುವವನು ಕಾಳುಗಳನ್ನು ಎಣಿಸುವುದಿಲ್ಲ. ಒಂದು ವ್ಯಾಟ್ ಹಸಿರು ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 2.7 × 10¹⁸ ಕ್ವಾಂಟಂಗಳಿರುವುದರಿಂದ ಅದೂ ಅಖಂಡವಾಗಿಯೇ ತೋರುತ್ತದೆ. ಆದರೆ ಬತ್ತದ ಕಾಳುಗಳಿಗೂ ಇವಕ್ಕೂ ಒಂದು ಭೇದವುಂಟು: ಆವೃತ್ತಿ ಹೆಚ್ಚಿದಂತೆ ಕ್ವಾಂಟಂ ದೊಡ್ಡದಾಗುತ್ತದೆ. ಕಾವು ಕಡಮೆಯಿರುವಾಗ ನೇರಿಳೆಯ ದೊಡ್ಡ ಅಂಶವನ್ನು ಒದಗಿಸುವಷ್ಟು ಶಕ್ತಿ ಒಂದೆಡೆ ಕೂಡಿಬರುವುದು ವಿರಳ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಂಪಿನ ಕ್ವಾಂಟಂ ಅತ್ಯಂತ ಚಿಕ್ಕದು. ಆದುದರಿಂದಲೇ ಕಬ್ಬಿಣವು ಮೊದಲು ಕೆಂಪಗಾಗುತ್ತದೆ.

ಬೆಳಕೇ ಇಂತಹ ಅಂಶಗಳಿಂದ ಕೂಡಿದುದೆಂದು 1905ರಲ್ಲಿ ಐನ್‌ಸ್ಟೈನ್ ಸೂಚಿಸಿದನು. 1928ರಲ್ಲಿ ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ನರು ಕಂಡುಹಿಡಿದ ಪರಿಣಾಮವು ಇದೇ ತತ್ತ್ವದ ಸುಂದರ ನಿದರ್ಶನ: ಬೆಳಕಿನ ಕ್ವಾಂಟಂ ಅಣುವಿಗೆ ನಿಯತವಾದ ಪಾಲನ್ನು ಕೊಟ್ಟು ಅಥವಾ ಅದರಿಂದ ಪಡೆದು, ಬೇರೆಯ ಬಣ್ಣದಿಂದ ಹೊರಬರುತ್ತದೆ.

ಇತ್ತ ಎಲೆಕ್ಟ್ರಾನಿನಂತಹ ಕಣಗಳಿಗೂ ತರಂಗಗುಣವಿರಬೇಕೆಂದು 1924ರಲ್ಲಿ ದ ಬ್ರಾಯ್ ಪ್ರತಿಪಾದಿಸಿದನು; 1927ರ ಪ್ರಯೋಗಗಳು ಅದನ್ನು ಸ್ಥಿರಪಡಿಸಿದವು. 1926ರಲ್ಲಿ ಶ್ರೋಡಿಂಗರನು ಆ ತರಂಗದ ಸಮೀಕರಣವನ್ನು ರಚಿಸಿದನು. ಆದರೆ ಆ ತರಂಗವು ಯಾವುದರ ತರಂಗ? ಅದೇ ವರ್ಷ ಮಾಕ್ಸ್ ಬಾರ್ನ್ ಉತ್ತರವಿತ್ತನು: ಒಂದೆಡೆಯಲ್ಲಿ ತರಂಗದ ಪರಿಮಾಣದ ವರ್ಗವು ಕಣವು ಅಲ್ಲಿ ಸಿಕ್ಕುವ ಸಂಭವನೀಯತೆಯನ್ನು ಸೂಚಿಸುತ್ತದೆ. ಎರಡು ಸೀಳುಗಳ ಮೂಲಕ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳುಹಿಸಿದರೆ ಪ್ರತಿಯೊಂದೂ ತೆರೆಯ ಮೇಲೆ ಒಂದೇ ಚುಕ್ಕೆಯನ್ನು ಮೂಡಿಸುತ್ತದೆ. ಸಾವಿರಾರು ಚುಕ್ಕೆಗಳು ಕೂಡಿದ ಮೇಲೆ ತರಂಗದ ಪಟ್ಟೆಗಳು ಗೋಚರಿಸುತ್ತವೆ.

ಈ ಬಾರ್ನ್ ನಮಗೆ ಕೇವಲ ಪುಸ್ತಕದ ಹೆಸರಲ್ಲ. ನಾಜಿ ಆಡಳಿತದಲ್ಲಿ ಗಟಿಂಗೆನ್ನಿನ ಪದವಿಯನ್ನು ಕಳೆದುಕೊಂಡಿದ್ದ ಅವರು ರಾಮನ್ನರ ಆಹ್ವಾನದಂತೆ 1935ರಲ್ಲಿ ಬೆಂಗಳೂರಿಗೆ ಬಂದು, 1936ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸಮಾಡಿದರು. ಅನಂತರ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾದರು. ಸಂಭವನೀಯತೆಯ ಈ ವ್ಯಾಖ್ಯಾನಕ್ಕೆ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1954ರಲ್ಲಿ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ‘ನಾಳೆ ಸೊರಬದಲ್ಲಿ ಮಳೆ ಬಂದೀತು’ ಎನ್ನುವಾಗ ನಮ್ಮ ತಿಳಿವಳಿಕೆಯ ಕೊರತೆಯೇ ಅನಿಶ್ಚಯಕ್ಕೆ ಮುಖ್ಯ ಕಾರಣ. ಎಲೆಕ್ಟ್ರಾನಿನ ವಿಷಯವೂ ಹಾಗೆಯೇ ಎಂದು ಹಲವರು ಆಶಿಸಿದ್ದರು. ಅದನ್ನು ಪ್ರಯೋಗದಿಂದ ಪರೀಕ್ಷಿಸುವ ಮಾರ್ಗವನ್ನು 1964ರಲ್ಲಿ ಜಾನ್ ಬೆಲ್ ತೋರಿಸಿದನು. 1972ರಿಂದೀಚೆಗೆ ನಡೆದು 2022ರಲ್ಲಿ ನೊಬೆಲ್ ಗೌರವವನ್ನು ಪಡೆದ ಪ್ರಯೋಗಗಳ ಫಲವಿದು: ಯಾವ ಪ್ರಭಾವವೂ ಬೆಳಕಿಗಿಂತ ವೇಗವಾಗಿ ಸಾಗದೆಂದು ಒಪ್ಪಿದರೆ, ಮೊದಲೇ ನಿಶ್ಚಿತವಾಗಿ ಅಡಗಿರುವ ಗುಣಗಳಿಂದ ಈ ಘಟನೆಗಳನ್ನು ವಿವರಿಸಲಾಗದು.

ಇಷ್ಟರಿಂದ ಪ್ರಕೃತಿಯಲ್ಲಿ ನಿಯಮವೇ ಇಲ್ಲವೆಂದು ಭಾವಿಸುವುದು ತಪ್ಪು. ಒಂದು ಚುಕ್ಕೆ ಎಲ್ಲಿ ಬೀಳುವುದೆಂದು ಶಾಸ್ತ್ರವು ಹೇಳಲಾರದು. ಸಾವಿರಾರು ಚುಕ್ಕೆಗಳು ಹೇಗೆ ಹರಡುವುವೆಂಬುದನ್ನು ನಿಖರವಾಗಿ ಹೇಳುತ್ತದೆ. ಟ್ರಾನ್ಸಿಸ್ಟರೂ ಲೇಸರೂ ಆ ನಿಖರತೆಯ ಫಲಗಳು. ತರಗತಿಯಲ್ಲಿ ಸೂತ್ರಗಳನ್ನು ಬರೆಯುವ ಮೊದಲು ಕುಲುಮೆಯ ಕೆಂಪನ್ನು ಜ್ಞಾಪಿಸಿದರೆ, ಈ ಶಾಸ್ತ್ರವು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದು ವಿದ್ಯಾರ್ಥಿಗೆ ಮನದಟ್ಟಾಗುವುದು.