ಗನ್ನಿಗೆ ಎಟುಕದ ವೇಗ

ಶ್ರೀಹರಿಕೋಟದಿಂದ ರಾಕೆಟ್ ಏರುವುದನ್ನು ಚೆನ್ನೈನ ಜನ ತಮ್ಮ ಮನೆಯ ತಾರಸಿಯಿಂದಲೇ ನೋಡುತ್ತಾರೆ. 2001ರ ಅಕ್ಟೋಬರ್‌ನಲ್ಲಿ ಹಾಗೆ ಏರಿದ ಪಿಎಸ್‌ಎಲ್‌ವಿ-ಸಿ3 ತನ್ನ ಉಪಗ್ರಹಗಳನ್ನು ಸುಸೂತ್ರವಾಗಿ ಕಕ್ಷೆಗೆ ಸೇರಿಸಿತು. ಆದರೆ ಅಲ್ಲೇ ಉಳಿದ ಅದರ ಕೊನೆಯ ಹಂತ ಡಿಸೆಂಬರ್‌ನಲ್ಲಿ ಸಿಡಿಯಿತು. ಲೆಕ್ಕಕ್ಕೆ ಸಿಕ್ಕ ಚೂರುಗಳೇ 371.

ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಇಂಥ ಚೂರುಗಳ ಢಿಕ್ಕಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು 10 ಕಿ.ಮೀ. ಒಂದು ಸೆಂ.ಮೀ. ಅಡ್ಡಳತೆಯ ಅಲ್ಯೂಮಿನಿಯಂ ಗುಂಡಿನ ತೂಕ ಒಂದೂವರೆ ಗ್ರಾಂ ಕೂಡ ಇಲ್ಲ. ಆ ವೇಗದಲ್ಲಿ ಅದರ ಶಕ್ತಿ, ಗಂಟೆಗೆ 43 ಕಿ.ಮೀ. ವೇಗದಲ್ಲಿ ಬರುವ ಒಂದು ಟನ್ನಿನ ಕಾರಿನಷ್ಟು.

ಇದಕ್ಕೆ ತಡೆಯನ್ನು ಖಗೋಳಶಾಸ್ತ್ರಜ್ಞ ಫ್ರೆಡ್ ವಿಪಲ್ 1947ರಲ್ಲೇ ಸೂಚಿಸಿದ್ದರು. ನೌಕೆಯ ಮುಖ್ಯ ಗೋಡೆಯ ಮುಂದೆ, ಅಂತರ ಬಿಟ್ಟು, ಒಂದು ತೆಳು ತಗಡು. ಚೂರು ಅದಕ್ಕೆ ಬಡಿದು ಪುಡಿಯಾಗಿ ಚದುರುತ್ತದೆ. ಒಂದೇ ಬಿಂದುವಿನ ಪೆಟ್ಟು ಹರಡಿ ಹಗುರಾಗುತ್ತದೆ. ಇಲ್ಲೊಂದು ಸೋಜಿಗವಿದೆ. ಸೆಕೆಂಡಿಗೆ 3 ಕಿ.ಮೀ. ಆಸುಪಾಸಿನಲ್ಲಿ ಬರುವ ಚೂರು, 7 ಕಿ.ಮೀ. ವೇಗದ್ದಕ್ಕಿಂತ ಈ ಕವಚಕ್ಕೆ ಹೆಚ್ಚು ಅಪಾಯಕಾರಿ. ನಿಧಾನದ್ದು ಪುಡಿಯಾಗದೆ ಇಡಿಯಾಗಿ ಒಳಗೆ ನುಗ್ಗುತ್ತದೆ.

ಕವಚವನ್ನು ಪರೀಕ್ಷಿಸುವ ಎರಡು ಹಂತದ ಗ್ಯಾಸ್ ಗನ್ನುಗಳು ಸಾಮಾನ್ಯವಾಗಿ ಸೆಕೆಂಡಿಗೆ 7–8 ಕಿ.ಮೀ. ಹತ್ತಿರ ಸೋಲುತ್ತವೆ. ಅದರಾಚೆಗೆ ಹೆಚ್ಚಾಗಿ ಕಂಪ್ಯೂಟರೇ ಗತಿ. ಆದರೆ ವಸ್ತುವನ್ನು ಜಾಲರಿಯಾಗಿ ವಿಭಜಿಸಿ ಲೆಕ್ಕ ಹಾಕುವ ರೂಢಿಯ ವಿಧಾನ ಇಲ್ಲಿ ತೊಡರುತ್ತದೆ: ಲೋಹ ಹರಿದು ಚೆಲ್ಲಿದಂತೆ ಜಾಲರಿಯ ಕಣ್ಣುಗಳು ತಿರುಚಿಕೊಂಡು ಲೆಕ್ಕವೇ ನಿಂತುಬಿಡುತ್ತದೆ. ಪರಿಹಾರ ಬಂದದ್ದು ಖಗೋಳಶಾಸ್ತ್ರದಿಂದ. ನಕ್ಷತ್ರಗಳ ಅಧ್ಯಯನಕ್ಕೆಂದು 1977ರಲ್ಲಿ ರೂಪುಗೊಂಡ ಎಸ್‌ಪಿಎಚ್ ವಿಧಾನದಲ್ಲಿ ಜಾಲರಿಯೇ ಇಲ್ಲ, ವಸ್ತುವೆಲ್ಲ ಚಲಿಸುವ ಕಣಗಳು. ಅಪ್ಪಳಿಸಿದ ಲೋಹ ಮೋಡದಂತೆ ಚದುರುವುದನ್ನು ಅದು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಹಿಂಬಾಲಿಸಬಲ್ಲದು.

ಚೆನ್ನೈ ಈ ವಿದ್ಯೆಗೆ ಹೊಸದಲ್ಲ. ಐಐಟಿ ಮದ್ರಾಸ್‌ನಲ್ಲಿ ಇಸ್ರೊ ಸಹಯೋಗದ ಬಾಹ್ಯಾಕಾಶ ತಂತ್ರಜ್ಞಾನ ಕೋಶ 1985ರಿಂದ ಇದೆ. ಐಐಟಿಯ ಸಿ. ಲಕ್ಷ್ಮಣ ರಾವ್, ಬೆಂಗಳೂರಿನ ಐಐಎಸ್‌ಸಿಯ ಕೆ.ಆರ್.ವೈ. ಸಿಂಹ ಅವರು ವಿ. ನಾರಾಯಣಮೂರ್ತಿಯವರೊಂದಿಗೆ ಸೇರಿ ಆಘಾತ ಯಂತ್ರಶಾಸ್ತ್ರದ ಬಗ್ಗೆ ಪಠ್ಯವನ್ನೇ ಬರೆದಿದ್ದಾರೆ. ಕಾಂಕ್ರೀಟ್ ಫಲಕಕ್ಕೆ ಕ್ಷಿಪಣಿ ಬಡಿದರೆ ಎಷ್ಟು ಆಳ, ಎಷ್ಟು ಅಗಲ ಹಾನಿಯಾದೀತು ಎಂಬ ಗಣಕ ಅಧ್ಯಯನವೂ ಐಐಟಿ ಮದ್ರಾಸ್‌ನಿಂದ ಬಂದಿದೆ. ಅಲ್ಲಿ ವೇಗ ಬಹಳ ಕಡಿಮೆ, ಆದರೆ ಪ್ರಶ್ನೆಯ ಸ್ವರೂಪ ಒಂದೇ.

ಪರದೆಯ ಮೇಲಿನ ಬಣ್ಣದ ಚಿತ್ರವನ್ನು ಸುಮ್ಮನೆ ನಂಬಲಾಗದು ಎಂಬುದು ನನ್ನ ದೃಢ ಅಭಿಪ್ರಾಯ. ಲೋಹ ಯಾವ ಒತ್ತಡದಲ್ಲಿ ಹೇಗೆ ಕುಗ್ಗುತ್ತದೆ, ಎಲ್ಲಿ ಕರಗುತ್ತದೆ ಎಂಬ ಸಂಖ್ಯೆಗಳನ್ನು ಪ್ರಯೋಗಾಲಯವೇ ಕೊಡಬೇಕು. ಗನ್ನು ತಲುಪುವ ವೇಗದಲ್ಲಿ ಮಾದರಿಯೂ ಪ್ರಯೋಗವೂ ತಾಳೆಯಾದ ಮೇಲಷ್ಟೇ ಮುಂದಿನ ಹೆಜ್ಜೆ.

ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕಕ್ಕೆ 2028ರ ಗುರಿಯಿದೆ. ಅದರೊಳಗೆ ನಮ್ಮವರು ಇರುತ್ತಾರೆ. ಆದ್ದರಿಂದ ಚೆನ್ನೈನ ಯುವ ಸಂಶೋಧಕರು ಒಂದು ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ. ಕವಚದ ಸೂತ್ರಗಳಲ್ಲಿ ಹೆಚ್ಚಿನವು ಚೂರನ್ನು ದುಂಡಗಿನ ಗೋಲಿ ಎಂದೇ ಎಣಿಸುತ್ತವೆ. ಅಮೆರಿಕದಲ್ಲಿ 2014ರಲ್ಲಿ ಡೆಬ್ರಿಸ್ಯಾಟ್ ಎಂಬ ಮಾದರಿ ಉಪಗ್ರಹವನ್ನು ಒಡೆದು ನೋಡಿದಾಗ ಸಿಕ್ಕಿದ್ದರಲ್ಲಿ ಕಾರ್ಬನ್ ನಾರಿನ ಸೂಜಿಗಳೂ ಚಕ್ಕೆಗಳೂ ಹೇರಳವಾಗಿದ್ದವು. ಅವು ಯಾವ ಕೋನದಲ್ಲಿ ಬಂದು ಚುಚ್ಚಿದರೆ ಗೋಡೆ ತಡೆದೀತು ಎಂಬ ಲೆಕ್ಕ ಇನ್ನೂ ಬೆಳೆಯಬೇಕಿದೆ.