ಮೂರು ಹೊಳೆಯ ಮಕ್ಕಳು ಕಂಡ ಬೆಂಗಳೂರು

ನಮ್ಮಂಥ ರೈತರು ಬೆಂಗಳೂರಿಗೆ ಹೋಗುವುದು ಮೂರೇ ಕಾರಣಕ್ಕೆ. ಮಾಲಿನ ಜೊತೆ ಮಂಡಿಗೆ, ಕಾಯಿಲೆ ಬಿದ್ದರೆ ಆಸ್ಪತ್ರೆಗೆ, ಇಲ್ಲವೇ ನೆಂಟರ ಮದುವೆಗೆ. ಊರು ನೋಡಲಿಕ್ಕೆ ಅಂತಲೇ ದುಡ್ಡು ಕಟ್ಟಿಕೊಂಡು ಹೋಗುವವರು ಕಡಿಮೆ. ಆದರೆ ನಮ್ಮ ಮಕ್ಕಳು ಹೋಗದೆ ಇರುವುದಿಲ್ಲ. ಪಿಯುಸಿ ಮುಗಿಯುತ್ತಲೇ ಒಂದು ಬ್ಯಾಗ್ ಹೆಗಲಿಗೆ ಹಾಕಿ ಹೊರಟುಬಿಡುತ್ತಾರೆ. ಆಗ ಅವರಿಗೆ ಕಾಣುವುದು ಆ ಊರಿನ ಮುಂಬಾಗಿಲು ಮಾತ್ರ. ಹಿತ್ತಿಲ ಬಾಗಿಲು ಒಂದಿದೆ. ನಮ್ಮ ಬೆಳೆ, ನಮ್ಮ ಹೊಳೆಯ ನೀರು ಒಳಗೆ ಹೋಗುವುದು ಆ ಬಾಗಿಲಿನಿಂದ. ಅದನ್ನು ತೋರಿಸುವವರು ಯಾರು? ನಾವೇ ತೋರಿಸಬೇಕು ಅನ್ನಿಸಿ, ಕಳೆದ ದಸರಾ ರಜೆಯಲ್ಲಿ ನಾನೂ ನಮ್ಮನೆಯವಳೂ ಮೂವರು ಮೊಮ್ಮಕ್ಕಳನ್ನು ಕರೆದುಕೊಂಡು ಮೂರು ದಿನ ಬೆಂಗಳೂರು ಸುತ್ತಿ ಬಂದೆವು.

ದಸರಾ ರಜೆ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ನಮ್ಮ ಕಡೂರು ಸೀಮೆಯಲ್ಲಿ ಆ ಹೊತ್ತಿಗೆ ಈರುಳ್ಳಿ ಕಿತ್ತು ಮುಗಿಯುತ್ತಾ ಬರುತ್ತದೆ, ರಾಗಿ ಕೊಯ್ಲಿಗೆ ಇನ್ನೂ ದಿನ ಇರುತ್ತದೆ. ಮಲೆನಾಡಿನಲ್ಲಿ ಕಾಫಿ ಕುಯ್ಲು ಶುರುವಾಗಿರುವುದಿಲ್ಲ. ಮಕ್ಕಳನ್ನು ಕಳಿಸಲು ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ತೊಂದರೆ ಇಲ್ಲ.

ಮೂವರೂ ಮೂರು ಹೊಳೆಯವರು

ದೊಡ್ಡ ಮಗಳನ್ನು ಕೊಟ್ಟಿರುವುದು ಮೂಡಿಗೆರೆ ಕಡೆಗೆ. ಮೂರು ಎಕರೆ ಕಾಫಿ ತೋಟ. ಅವಳ ಮಗಳಿಗೆ ಹದಿಮೂರು ವರ್ಷ. ಅವರ ಹೊಳೆ ಹೇಮಾವತಿ. ಚಿಕ್ಕ ಮಗಳು ಕಳಸದ ಹತ್ತಿರ. ಅವಳ ಮಗನಿಗೆ ಹತ್ತು. ಅವರ ಹೊಳೆ ಭದ್ರಾ. ಮನೆಯಲ್ಲಿರುವವನು ನನ್ನ ಮಗನ ಮಗ, ಹನ್ನೆರಡು ವರ್ಷದವನು. ನಮ್ಮದು ವೇದಾವತಿ ಸೀಮೆ. ಹೊಳೆ ಅಂತ ಹೆಸರಿದೆ, ನೀರು ಹರಿಯುವುದು ಮಳೆ ಚೆನ್ನಾಗಿ ಆದ ವರ್ಷ ಮಾತ್ರ.

ಮೂರು ಹೊಳೆಗಳೂ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲೇ ಹುಟ್ಟುತ್ತವೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಹತ್ತಿರ, ಭದ್ರಾ ಗಂಗಾಮೂಲದಲ್ಲಿ. ಬಾಬಾಬುಡನ್‌ಗಿರಿ ಕಡೆಯಿಂದ ಇಳಿಯುವ ವೇದಾ, ಆವತಿ ಕೂಡಿ ವೇದಾವತಿ. ಮೂವರಲ್ಲಿ ಯಾರ ಹೊಳೆ ಬೆಂಗಳೂರಿಗೆ ಹೋಗುತ್ತದೆ ಅಂತ ಕಡೂರಿನಲ್ಲಿ ರೈಲು ಹತ್ತುವಾಗಲೇ ಕೇಳಿದೆ. ಮೂವರಿಗೂ ಗೊತ್ತಿರಲಿಲ್ಲ. ಹುಡುಕಿ ಹೇಳಿದವರಿಗೆ ಮಸಾಲೆ ದೋಸೆ ಅಂದೆ.

ಅರಸೀಕೆರೆ, ತಿಪಟೂರು, ತುಮಕೂರು ದಾಟಿ ಬೆಂಗಳೂರು. ಇನ್ನೂರು ಕಿ.ಮೀ. ಆಸುಪಾಸು. ಮನೆಯಿಂದ ತಂದ ರೊಟ್ಟಿ ಬುತ್ತಿ ರೈಲಿನಲ್ಲೇ ಖಾಲಿ.

ಕೆರೆಯ ಮೇಲೆ ಬಸ್ ಸ್ಟ್ಯಾಂಡು

ಮೆಜೆಸ್ಟಿಕ್ ಜನ ಜಂಗುಳಿ ನೋಡಿ ಕಳಸದ ಹುಡುಗ ಅಜ್ಜಿ ಸೆರಗು ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ನಡುವೆ ನಿಂತು, "ಇದು ಕೆರೆ ಕಣ್ರೋ" ಅಂದೆ. ನಂಬಲಿಲ್ಲ. ಕೆಂಪೇಗೌಡ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ದೊಡ್ಡ ಹೊಳೆ ಇಲ್ಲದ ಊರು ಅಂತಲೇ ಹಿಂದಿನವರು ಕೆರೆ ಕಟ್ಟಿಸಿದ್ದರು. ನಮ್ಮ ಬಯಲುಸೀಮೆಯ ಬುದ್ಧಿಯೇ ಅದು.

ಆಮೇಲೆ ನೀರು ಎಲ್ಲಿಂದ ಬಂತು? 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ತಂದರು. ಅದೂ ಸಾಲದೆ 1974ರಲ್ಲಿ ಕಾವೇರಿ ಮೊದಲ ಹಂತ. ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೊಂದರಲ್ಲೇ ದಿನಕ್ಕೆ 77.5 ಕೋಟಿ ಲೀಟರ್. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡಿದ್ದನ್ನು ಪೇಪರಿನಲ್ಲಿ ಓದಿದ್ದೀರಿ.

ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡುತ್ತಾರೆ. ಅಡಿ ಲೆಕ್ಕದಲ್ಲಿ 1,600ಕ್ಕೂ ಮೇಲೆ. ನಮ್ಮ ಹೊಲದ ಬೋರ್‌ವೆಲ್ 800 ಅಡಿ. ಅದರ ಎರಡು ಪಟ್ಟು ಅಂದಾಗ ನನ್ನ ಮೊಮ್ಮಗ ಕೊಳಾಯಿ ತಿರುಗಿಸಿ ನಿಲ್ಲಿಸಿದ. ಮನೆಯಲ್ಲಿ ಮೋಟಾರು ಕೆಟ್ಟಾಗಿನ ಪಾಡು ಅವನಿಗೆ ಗೊತ್ತು.

ಆಗಲೇ ಮೂಡಿಗೆರೆ ಹುಡುಗಿ ಸುಳಿವು ಹಿಡಿದಳು. "ಅಜ್ಜ, ಹೇಮಾವತಿ ಗೊರೂರಿಗೆ ಹೋಗುತ್ತೆ, ಆಮೇಲೆ ಕೃಷ್ಣರಾಜಸಾಗರದ ಹಿನ್ನೀರಲ್ಲಿ ಕಾವೇರಿ ಸೇರುತ್ತೆ. ಹಾಗಾದ್ರೆ ಇದ್ರಲ್ಲಿ ನಮ್ಮ ನೀರೂ ಇದೆ!" ಸರಿ ಉತ್ತರ. ಕಳಸದ ಭದ್ರೆ ಬಡಗಲಿಗೆ ಹೋಗಿ ತುಂಗೆ ಜೊತೆ ಕೃಷ್ಣೆ ಸೇರುತ್ತದೆ. ನಮ್ಮ ವೇದಾವತಿ ಹಿರಿಯೂರು ಹತ್ತಿರ ವಾಣಿವಿಲಾಸ ಸಾಗರಕ್ಕೆ. ಬೆಂಗಳೂರಿನ ಕೊಳಾಯಿಗೆ ಬರುವುದು ಮೂಡಿಗೆರೆಯ ಮಳೆ. ದೋಸೆ ಅವಳೊಬ್ಬಳಿಗೇ ಕೊಡಿಸಲಾದೀತೇ? ಎಲ್ಲರೂ ತಿಂದೆವು.

ನೋಡಿದ ಜಾಗಗಳು

ಮೊದಲ ದಿನ ವಿಧಾನಸೌಧ, ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ. ಮೂರೂ ಹತ್ತಿರ ಹತ್ತಿರ. ವಿಧಾನಸೌಧ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಿಸಿದ್ದು, ಮುಗಿದದ್ದು 1956ರಲ್ಲಿ. ಹೊರಗಿನಿಂದಲೇ ನೋಡಿದೆವು. "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬರೆದದ್ದನ್ನು ಓದಿ ನಮ್ಮನೆಯವಳು, "ಅದಕ್ಕೇ ನಮ್ಮ ಪೋಡಿ ಕೆಲಸ ದೇವರ ಮೇಲೇ ಭಾರ ಹಾಕಿ ಕೂತಿದೆ" ಅಂದಳು.

ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ. ಎಂಜಿನ್ನು, ರಾಟೆ, ಹಲ್ಲುಚಕ್ರ ಎಲ್ಲವನ್ನೂ ಮಕ್ಕಳು ಕೈಯಿಂದ ಮುಟ್ಟಿ, ಗುಂಡಿ ಒತ್ತಿ ನೋಡಬಹುದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಾವಿಗೆ ಒಂದು ರಾಟೆ ಬದಲು ಎರಡು ಕಟ್ಟಿದರೆ ಭಾರ ಯಾಕೆ ಹಗುರ ಅಂತ ಮೊಮ್ಮಗಳು ಹೇಳಿಕೊಟ್ಟಳು. ಮಾಡಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಎರಡನೇ ದಿನ ಲಾಲ್‌ಬಾಗ್. ಮೆಟ್ರೋ ರೈಲು ಬಾಗಿಲಿಗೇ ಬಿಡುತ್ತದೆ. ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಅದರ ಮೇಲೆ ಕೆಂಪೇಗೌಡರ ಗಡಿಗೋಪುರ. ಮಕ್ಕಳಿಗೆ ಹೂವಿಗಿಂತ ಬಂಡೆ ಹಿಡಿಸಿತು. ನನಗೆ ಹಿಡಿಸಿದ್ದು ಮರಗಳ ಬೋರ್ಡು. ಯಾವ ಮರ ಯಾವ ದೇಶದ್ದು ಅಂತ ಬರೆದಿದೆ. ನಮ್ಮ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹತ್ತಿಸುವ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ಬಾಬಾಬುಡನ್ ಏಳು ಬೀಜ ತಂದರು ಅನ್ನುವ ಕಾಫಿಯೂ ಹೊರಗಿನದೇ. ಬೆಂಗಳೂರು ಬದನೆ ಅಂತ ನಾವು ಕರೆಯುವ ಸೀಮೆಬದನೆಯನ್ನು ಈ ನಾಡಿಗೆ ತಂದದ್ದು ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಕ್ಯಾಮೆರಾನ್.

ಒಂದು ಕಪ್ಪು ಕಾಫಿಯ ಲೆಕ್ಕ

ಸಂಜೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್‌ಗೆ ಹೋದೆವು. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸಗಾರರೇ ಸಹಕಾರ ಸಂಘ ಮಾಡಿಕೊಂಡು ನಡೆಸಿದ ಹೋಟೆಲು. 2009ರವರೆಗೆ ಎಂ.ಜಿ. ರಸ್ತೆಯಲ್ಲಿತ್ತು.

ಕಾಫಿ ಬಂದಾಗ ಮೂಡಿಗೆರೆ ಹುಡುಗಿಗೆ ಕೇಳಿದೆ, ಇದರಲ್ಲಿ ನಿಮ್ಮ ತೋಟದ ಹಣ್ಣು ಎಷ್ಟು? ಅವಳು ಬಿಲ್ಲಿನ ಹಿಂದೆ ಲೆಕ್ಕ ಹಾಕಿದಳು. ಒಂದು ಕಪ್ಪಿಗೆ ಹತ್ತು ಗ್ರಾಂ ಪುಡಿ. ಹುರಿದಾಗ ತೂಕ ಕಳೆಯುವುದರಿಂದ ಹನ್ನೆರಡು ಗ್ರಾಂ ಹಸಿರು ಬೀಜ ಬೇಕು. ಅರೇಬಿಕಾ ಆದರೆ ಒಂದು ಕೆ.ಜಿ. ಬೀಜಕ್ಕೆ ಸುಮಾರು ಆರು ಕೆ.ಜಿ. ಹಣ್ಣು. ಅಂದರೆ ಕಪ್ಪಿಗೆ 72 ಗ್ರಾಂ ಹಣ್ಣು, ಅವಳ ಒಂದು ಬೊಗಸೆ. ನಮ್ಮ ಅಳಿಯ ಹಿಂದಿನ ಕುಯ್ಲಿನಲ್ಲಿ ಮಾರಿದ ಬೆಲೆಯ ಪ್ರಕಾರ ಆ ಬೊಗಸೆಗೆ ಬಂದದ್ದು ಆರೇಳು ರೂಪಾಯಿ. ಅದೂ ಕಾಫಿಗೆ ಒಳ್ಳೇ ರೇಟು ಬಂದ ಕಾಲ. ಅದರಲ್ಲೇ ಕುಯ್ಲಿನ ಕೂಲಿ, ಗೊಬ್ಬರ, ಔಷಧಿ ಎಲ್ಲಾ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಪ್ಪ ಪುಡಿ ಮಾಡಿ ಮಾರಿದ್ರೆ?" ಅಂದಳು. ಹುರಿಯುವ ಯಂತ್ರ, ಲೈಸೆನ್ಸು, ಗಿರಾಕಿ ಎಲ್ಲಾ ಬೇಕಲ್ಲ ಪುಟ್ಟಿ ಅಂದೆ. ಆದರೂ ಆ ಪ್ರಶ್ನೆ ಅವಳು ಊರಿಗೆ ಕಟ್ಟಿಕೊಂಡು ಹೋದಳು.

ನಮ್ಮ ಈರುಳ್ಳಿ ಹೋಗುವ ಬಾಗಿಲು

ಮೂರನೇ ದಿನ ಬೆಳಿಗ್ಗೆ ಯಶವಂತಪುರ ಮಾರ್ಕೆಟ್ ಯಾರ್ಡ್. ಇದು ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲ. ಮನೆಯಲ್ಲೇ ಇರುವ ಮೊಮ್ಮಗ ಈಚೆಗೆ "ನಾನಂತೂ ಹೊಲ ಮಾಡಲ್ಲ" ಅಂತ ಹೇಳಲು ಶುರು ಮಾಡಿದ್ದ. ಅವನಿಗಾಗಿಯೇ ಈ ಜಾಗ ಇಟ್ಟುಕೊಂಡಿದ್ದೆ. ವಾರದ ಹಿಂದೆ ಅವನೇ ಬಾಯಿ ಹೊಲಿದ ಚೀಲಗಳು ಬಂದು ಇಳಿದದ್ದು ಇಲ್ಲಿಗೇ.

ಸಾಲು ಸಾಲು ಚೀಲ. ದಪ್ಪ, ಮಧ್ಯಮ, ಸಣ್ಣ ಅಂತ ಬೇರೆ ಬೇರೆ. ಒಂದು ಚೀಲ ಬಿಚ್ಚಿ ಸುರಿದು, ಕೈಲಿ ನಾಲ್ಕು ಗಡ್ಡೆ ಎತ್ತಿ ನೋಡಿ, ಎರಡು ನಿಮಿಷದಲ್ಲಿ ರೇಟು ಮುಗಿಸುತ್ತಾರೆ. ನಾಲ್ಕು ತಿಂಗಳ ಬೆಳೆ, ಎರಡು ನಿಮಿಷ. ಹುಡುಗ ನೋಡುತ್ತಾ ನಿಂತ. ಒದ್ದೆ ಮಾಲು, ಮೊಳಕೆ ಒಡೆದದ್ದು, ಕತ್ತು ದಪ್ಪ ಇರುವ ಗಡ್ಡೆ ಕಂಡರೆ ರೇಟು ಅಲ್ಲಿಗೇ ಬಿತ್ತು. ಚೆನ್ನಾಗಿ ಒಣಗಿಸಿ, ಗಾತ್ರ ನೋಡಿ ಬೇರೆ ಮಾಡಿ ತಂದ ಮಾಲಿಗೆ ಮೇಲಿನ ರೇಟು. ನಾನು ಮನೆಯಲ್ಲಿ ನೂರು ಸಲ ಹೇಳಿದ್ದನ್ನು ಅವನು ಅಲ್ಲಿ ಒಂದೇ ಸಲಕ್ಕೆ ಕಲಿತ.

ನಮ್ಮ ಪಟ್ಟಿ ಅವನ ಕೈಗೇ ಕೊಟ್ಟೆ. ಮಾರಿದ್ದು ಕೆ.ಜಿ.ಗೆ 12 ರೂಪಾಯಿ. ಲಾರಿ ಬಾಡಿಗೆ, ಹಮಾಲಿ, ಖಾಲಿ ಚೀಲದ ಖರ್ಚು ಕಳೆದರೆ 9 ರೂಪಾಯಿ ಚಿಲ್ಲರೆ. ನಾವು ಇಳಿದುಕೊಂಡಿದ್ದ ಕಡೆ ತಳ್ಳುಗಾಡಿಯಲ್ಲಿ ಅದೇ ಈರುಳ್ಳಿ 30. "ಮಧ್ಯದ್ದು ಯಾರಿಗೆ?" ಅಂದ. ಒಬ್ಬರಿಗೇ ಅಲ್ಲ. ತೂಕ ಕಳೆಯುವುದು, ಕೊಳೆತದ್ದು, ಎರಡನೇ ಸಾಗಾಟ, ಅಂಗಡಿ ಬಾಡಿಗೆ, ಅವರವರ ಲಾಭ. ತಳ್ಳುಗಾಡಿಯವನೂ ನಮ್ಮಂಥ ಬಡವನೇ. ಯಾರನ್ನೂ ಕಳ್ಳ ಅನ್ನದೆ ಲೆಕ್ಕ ಮಾತ್ರ ತಿಳಿದುಕೋ ಅಂದೆ. ಹೊಲ ಮಾಡುತ್ತೀಯೋ ಇಲ್ಲವೋ ಅಂತ ಕೇಳಲಿಲ್ಲ. ಅದು ಅವನ ಬದುಕು. ತಿಳಿದು ಬಿಟ್ಟರೆ ಬಿಡಲಿ, ನಾಚಿಕೆಯಿಂದ ಬಿಡುವುದು ಬೇಡ ಅಷ್ಟೇ.

ಮನೆಗೆ ತಂದ ಲಾಭ

ಅದೇ ದಿನ ಮಧ್ಯಾಹ್ನ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯವರು ಮಾಡಿರುವ ಮಳೆನೀರು ಕೊಯ್ಲು ಥೀಮ್ ಪಾರ್ಕ್ ನೋಡಿದೆವು. ಬೆಂಗಳೂರಿನಲ್ಲಿ ದೊಡ್ಡ ಸೈಟಿನ ಮನೆಗಳಿಗೆ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ. ಛಾವಣಿ ನೀರು ಸೋಸುವ, ಇಂಗಿಸುವ ಮಾದರಿಗಳು ಅಲ್ಲಿವೆ. ಬಯಲುಸೀಮೆಯವರು ತಪ್ಪದೆ ನೋಡಬೇಕು.

ರೈಲಿನಲ್ಲಿ ಬರುವಾಗ ಮೂವರೂ ಸೇರಿ ನಮ್ಮ ಮನೆಯ ಲೆಕ್ಕ ಹಾಕಿದರು. ಮಾಡು 100 ಚದರ ಮೀಟರ್. ಒಂದು ಮಿ.ಮೀ. ಮಳೆಗೆ ಚದರ ಮೀಟರಿಗೆ ಒಂದು ಲೀಟರ್. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಹಿಡಿದರೆ 60,000 ಲೀಟರ್. ಐದರಲ್ಲಿ ಒಂದು ಪಾಲು ನಷ್ಟ ಕಳೆದರೂ 48,000. ಐದು ಜನಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 50 ಲೀಟರ್ ಅಂದರೆ ವರ್ಷಕ್ಕೆ 18,250. ಎರಡೂವರೆ ವರ್ಷದ ನೀರು ಒಂದೇ ವರ್ಷ ಮಾಡಿನಿಂದ ಹರಿದುಹೋಗುತ್ತಿದೆ! ಬಂದ ವಾರವೇ ಪಿವಿಸಿ ಪೈಪು ಉದ್ದಕ್ಕೆ ಸೀಳಿ ಸೂರಿನಂಚಿಗೆ ಕಟ್ಟಿ, ಬಟ್ಟೆ ಜರಡಿ ಹಾಕಿ ಸಾವಿರ ಲೀಟರಿನ ತೊಟ್ಟಿಗೆ ಬಿಟ್ಟೆವು. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಬೇಕು. ಹಿಂಗಾರಿನ ಎರಡು ಮಳೆಗೆ ತೊಟ್ಟಿ ತುಂಬಿತು. ದೊಡ್ಡ ತೊಟ್ಟಿ ಕಟ್ಟುವುದು ರಾಗಿ ಮಾರಿದ ಮೇಲೆ.

ಖರ್ಚು ಎಷ್ಟಾಯ್ತು?

ಇಬ್ಬರು ದೊಡ್ಡವರು, ಮೂರು ಮಕ್ಕಳು, ಎರಡು ರಾತ್ರಿ. ರೈಲು 750, ಸಮಾಜದ ವಸತಿಗೃಹದಲ್ಲಿ ಕೋಣೆ 1,800, ಊಟ ತಿಂಡಿ 2,700, ಊರೊಳಗೆ ಬಸ್ಸು ಮೆಟ್ರೋ 650, ಟಿಕೆಟ್‌ಗಳು 600, ಪುಸ್ತಕ ಆಟಿಕೆ 700. ಒಟ್ಟು 7,200 ರೂಪಾಯಿ. 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಅಜ್ಜಿ, ಮೊಮ್ಮಗಳ ಬಸ್ ಚಾರ್ಜು ಉಳಿಯಿತು.

ಹೋಗುವವರಿಗೆ ನಾಲ್ಕು ಮಾತು. ದಿನಕ್ಕೆ ಎರಡು ಮೂರು ಜಾಗ ಸಾಕು, ಓಡಿಸಿದರೆ ಮಕ್ಕಳು ಏನೂ ನೋಡುವುದಿಲ್ಲ. ಪ್ರತಿ ಮಗುವಿನ ಜೇಬಿನಲ್ಲಿ ದೊಡ್ಡವರ ಫೋನ್ ನಂಬರು ಬರೆದ ಚೀಟಿ ಇರಲಿ. ಯಾವ ಜಾಗಕ್ಕೆ ಯಾವ ದಿನ ರಜೆ ಅಂತ ಹೊರಡುವ ಮೊದಲೇ ವಿಚಾರಿಸಿ. ಮಕ್ಕಳಿಗೆ ಶಾಲೆ ತಪ್ಪುವುದಿಲ್ಲ ಅಂದರೆ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಜಿಕೆವಿಕೆಯಲ್ಲಿ ಆಗುವ ಕೃಷಿ ಮೇಳಕ್ಕೆ ಹೊಂದಿಸಿಕೊಳ್ಳಿ. ರಾಗಿ ತಳಿ, ಒಣಬೇಸಾಯದ ತಾಕು ಎಲ್ಲಾ ಒಂದೇ ಕಡೆ ಸಿಗುತ್ತದೆ.

ಬರುವ ಬೇಸಿಗೆಗೆ ಮೊಮ್ಮಗನನ್ನು ಮೂಡಿಗೆರೆಗೂ ಕಳಸಕ್ಕೂ ಕಳಿಸುವುದು ಅಂತ ಮಾತಾಗಿದೆ. ಬೆಂಗಳೂರಿನ ಕೊಳಾಯಿ ನೋಡಿದವನು ಅದರ ಮೂಲದ ಕಾಡನ್ನೂ ನೋಡಬೇಕಲ್ಲ. ಖರ್ಚು ಬರೀ ಬಸ್ ಚಾರ್ಜು.